ಚೆಂಡು ಬಾರದಿರಲಿ ಎಂದ ಭಾನುವಾರಗಳು

ಅಂದು ಗುರುವಾರ. ರಾಯರ ಪೂಜೆ ಮುಗಿಸಿ, ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಈಲಿಂಗ್ ರೋಡಿನ ಇಂಡಿಯನ್ ಅಂಗಡಿಯಿಂದ ತಂದದ್ದು. ಸೊಪ್ಪಿಗಿಂತ ಮಣ್ಣೇ ಹೆಚ್ಚು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಮಗನದು. ಲಂಡನ್ನಿನ ಆಚೆ ತುದಿಯ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತ ಅಲ್ಲೇ ಹಾಸ್ಟೆಲಿನಲ್ಲಿದ್ದ. ವಾರದ ನಡುವೆ ಅವನ ಫೋನ್ ಬಂದರೆ ನನ್ನ ಎದೆ ಕೇಳುವುದು ಒಂದೇ ಮಾತು: ಎಲ್ಲಿ ಪೆಟ್ಟಾಯಿತೋ?

"ಅಮ್ಮಾ, ಐಯಾಮ್ ಫೈನ್. ಏನೂ ಮುರದಿಲ್ಲ," ಎಂದು ಅವನೇ ಮೊದಲು ಹೇಳಿದ. "ಈ ಸಂಡೇ ಲಾಸ್ಟ್ ಮ್ಯಾಚ್. ನನ್ನ ಕಾಲೇಜೂ ಮುಗೀತು, ಫುಲ್‌ಬ್ಯಾಕೂ ಮುಗೀತು."

"ನಿನ್ನ ತಗದ್ರೇನೋ?"

"ನನ್ನಲ್ಲಮ್ಮಾ, ಆ ಜಾಗಾನ ತಗೀತಾರ. ಮುಂದಿನ ವರ್ಷ ಕೋಚ್ ಆಟದ ರೀತಿನೇ ಚೇಂಜ್ ಮಾಡ್ತಾರ. ನೋ ಫುಲ್‌ಬ್ಯಾಕ್."

ಅದು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡು ಕಟ್ಟಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿ ಓಡುವ ಅಮೆರಿಕನ್ ಆಟ. ಇಂಗ್ಲೆಂಡಿನ ಕಾಲೇಜುಗಳಲ್ಲೂ ಅದನ್ನು ಆಡುವ ಹುಚ್ಚರಿದ್ದರು. ನನ್ನ ಮಗ ಅವರ ಪೈಕಿ. ಶಾಲೆಯಲ್ಲಿ ಅವನನ್ನು ದಪ್ಪ ಎಂದು ಆಡಿಕೊಂಡವರೇ ಹೆಚ್ಚು. ಈ ಟೀಮಿನವರು ಮಾತ್ರ ಆ ಮೈಕಟ್ಟನ್ನು ನೋಡಿ ಕೈಹಿಡಿದು ಕರೆದುಕೊಂಡಿದ್ದರು. ಅದಕ್ಕಾಗಿ ಅವರನ್ನು ನಾನು ಬೈಯಲಾರೆ.

ಫುಲ್‌ಬ್ಯಾಕ್ ಎಂದರೇನು ಎಂದು ಮೊದಲ ವರ್ಷವೇ ಕೇಳಿದ್ದೆ. ಹ್ಯಾರೋದಲ್ಲಿ ನಾವು ಕನ್ನಡದವರು ಯುಗಾದಿಗೆ ಒಂದು ಶಾಲೆಯ ಹಾಲ್ ಬಾಡಿಗೆ ಹಿಡಿದು ಊಟ ಹಾಕುತ್ತಿದ್ದೆವು. ನೆಲದ ಮೇಲೆ ಪಂಕ್ತಿ, ನಡುವೆ ಓಡಾಡುವ ಮಕ್ಕಳು. ನನ್ನ ಯಜಮಾನರು ಕುದಿಯುವ ಸಾರಿನ ಪಾತ್ರೆ ಹಿಡಿದು ಬಂದರೆ, ಅವರ ಮುಂದೆ ಮಗ ಎರಡೂ ಕೈ ಚಾಚಿ "ಸರೀರಿ, ಸರೀರಿ, ಬಿಸಿ ಅದ!" ಎಂದು ದಾರಿ ಬಿಡಿಸುತ್ತಿದ್ದ. "ಅದೇ ಅಮ್ಮಾ," ಎಂದಿದ್ದ, "ಸಾರು ಹಿಡಿಯೋನು ರನ್ನಿಂಗ್ ಬ್ಯಾಕ್. ಮುಂದ ಹೋಗೋನು ಫುಲ್‌ಬ್ಯಾಕ್. ಎಲ್ಲಾರೂ ಸಾರು ಬಂತು ಅಂತಾರ, ಮುಂದಿನವನ್ನ ಯಾರೂ ನೋಡಂಗಿಲ್ಲ."

ನನಗೆ ಅರ್ಥವಾದದ್ದು ಇಷ್ಟು: ಇವನ ಕೈಯಲ್ಲಿ ಚೆಂಡು ಇರುವುದಿಲ್ಲ. ಚೆಂಡು ಇದ್ದವನ ಮೇಲೆ ತಾನೇ ಎಲ್ಲರೂ ಬೀಳುವುದು? ಹಾಗಾದರೆ ನನ್ನ ಕೂಸು ಉಳಿದೀತು. ಅಂದಿನಿಂದ ಮ್ಯಾಚಿದ್ದ ಪ್ರತಿ ಭಾನುವಾರ, ಅವನು ಆಡಿ ಮುಗಿಸಿ ಫೋನ್ ಮಾಡುವ ತನಕ ಬರೀ ಹಾಲು ಕುಡಿದು ಇರುತ್ತಿದ್ದೆ. ದೀಪ ಹಚ್ಚಿ ಕೇಳುತ್ತಿದ್ದದ್ದು ಒಂದೇ: ಅವನ ಕೈಗೆ ಚೆಂಡು ಬಾರದಿರಲಿ. ಇದನ್ನು ನಾನು ಅವನಿಂದ ಮುಚ್ಚಿಡಲಿಲ್ಲ. ಮುಚ್ಚಿಡುವಂಥ ಮಾತು ಅನಿಸಲೂ ಇಲ್ಲ. ದೇವರು ಮೂರು ವರ್ಷ ನಡೆಸಿಕೊಟ್ಟ. ಬಾರಿ ಬಾರಿಗೂ "ಇವತ್ತೂ ಬರ್ಲಿಲ್ಲ" ಎಂದು ಅವನು ಹೇಳಿದಾಗ ನಾನು ರಾಯರಿಗೆ ಕೈಮುಗಿದು ಊಟಕ್ಕೆ ಕೂಡುತ್ತಿದ್ದೆ.

ಈಗ ಫೋನಿನಲ್ಲಿ ಅವನು ದನಿ ತಗ್ಗಿಸಿದ. "ಅಮ್ಮಾ, ಕೋಚ್ ಪ್ರಾಮಿಸ್ ಮಾಡ್ಯಾರ. ಕೊನೀ ಗೆರಿ ದಾಟಿದ್ರ ಪಾಯಿಂಟ್ ಅಲ್ಲ, ಆ ಗೆರಿ ಹತ್ರ ಹೋದ್ರ ಒಂದ್ಸಲ ಚೆಂಡು ನನಗ. ಜಸ್ಟ್ ಒನ್ಸ್. ನೀ ದೇವರಿಗೆ ಹೇಳ್ತೀಯಲ್ಲ, ಅದನ್ನ ಈ ಸಂಡೇ ಒಂದು ಬಿಡ್ತೀಯಾ? ಮತ್ತ ನೀನೂ ಬಾ."

ರಾತ್ರಿ ಊಟಕ್ಕೆ ಕುಳಿತಾಗ ಯಜಮಾನರಿಗೆ ಹೇಳಿದೆ. ಅವರು ಎಲುಬಿನ ಡಾಕ್ಟರು.

"ಹೋಗೋಣ, ಎಲುಬು ಮುರಿದ್ರ ಕಟ್ಲಿಕ್ಕೆ ನಾ ಕಾರಿನ್ಯಾಗ ಸ್ಪ್ಲಿಂಟ್ ಇಟ್ಕೋತೀನಿ," ಎಂದರು.

"ಅಪಶಕುನ ನುಡೀಬ್ಯಾಡ್ರಿ."

"ಅಪಶಕುನ ಅಲ್ಲ ಮಾರಾಯ್ತಿ, ತಯಾರಿ."

ಭಾನುವಾರ ಬೆಳಗ್ಗೆ ದೀಪ ಹಚ್ಚಿ ನಿಂತೆ. ಅಷ್ಟು ದಿನ ಒಂದೇ ಮಾತು ಹೇಳಿದ ಬಾಯಿ. ಚೆಂಡು ಬರಲಿ ಎನ್ನಲು ನಾಲಿಗೆ ಏಳಲಿಲ್ಲ. ಬಾರದಿರಲಿ ಎಂದರೆ ಮಗನಿಗೆ ಎರಡು ಬಗೆದಂತೆ. ಸುಮ್ಮನೆ ಬತ್ತಿ ಸರಿಮಾಡಿ, ಮಂಗಳಾರತಿ ಮಾಡಿ ಹೊರಟೆ.

ಮೈದಾನ ಕೆಸರಾಗಿತ್ತು. ಯಜಮಾನರು ಛತ್ರಿ ಹಿಡಿದು ಯಾರೊಂದಿಗೋ ಆಟದ ನಿಯಮ ಚರ್ಚಿಸುತ್ತ ಆಚೆ ಹೋದರು. ನನ್ನ ಪಕ್ಕ ಒಬ್ಬ ಹೆಂಗಸು ನಿಂತಿದ್ದರು. ಜಮೈಕಾ ಮೂಲದವರು, ಮನೆ ಗ್ರೀನ್‌ಫರ್ಡಿನಲ್ಲಿ. ಚರ್ಚಿನಿಂದ ನೇರವಾಗಿ ಟೋಪಿ ಸಮೇತ ಬಂದಿದ್ದರು. ಚೆಂಡು ಹಿಡಿದು ಓಡುವ ಸಣ್ಣ ಮೈಯ ಹುಡುಗ ಅವರ ಮಗ.

ಆಟ ಶುರುವಾಯಿತು. ಮೊದಲ ಓಟದಲ್ಲೇ ನನ್ನ ಮಗ ಬರಿಗೈಯಲ್ಲಿ ಮುಂದೆ ನುಗ್ಗಿ, ಎದುರಿನವನಿಗೆ ಎದೆಯೊಡ್ಡಿದ. ಹಲಗೆಗೆ ಹಲಗೆ ಬಡಿದ ಸದ್ದು. ಇಬ್ಬರೂ ನೆಲಕ್ಕೆ. ಅವನು ಎದ್ದ. ಎರಡನೇ ಸಲ ಮತ್ತೆ ಹಾಗೇ. ಮೂರನೇ ಸಲ ಇಬ್ಬರು ಒಟ್ಟಿಗೆ ಅವನ ಮೇಲೆ ಬಿದ್ದರು. ಹಿಂದೆ ಚೆಂಡು ಹಿಡಿದ ಹುಡುಗ ಮಾತ್ರ ಮೀನಿನಂತೆ ನುಸುಳಿ ದೂರ ಹೋಗಿದ್ದ.

"ಚೆಂಡು ಅವನ ಹತ್ತಿರ ಇಲ್ಲವಲ್ಲ! ಅವನ ಮೇಲೆ ಯಾಕೆ ಬೀಳುತ್ತಾರೆ?" ಎಂದು ಗಟ್ಟಿಯಾಗಿಯೇ ಕೇಳಿದೆ.

ಆಕೆ ನನ್ನತ್ತ ತಿರುಗಿದರು. ನಾವಿಬ್ಬರೂ ಇಂಗ್ಲಿಷಿನಲ್ಲಿ ಆಡಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. "ಆ ದೊಡ್ಡ ಹುಡುಗ ನಿಮ್ಮವನಾ? ತಾಯಿ, ಅವನು ಇರೋದೇ ಅದಕ್ಕೆ. ಪ್ರತಿ ಸಲವೂ ಬೀಳಬೇಕು. ನನ್ನ ಮಗನಿಗೆ ತಾಗಬೇಕಾದ ಪೆಟ್ಟನ್ನ ಮೂರು ವರ್ಷದಿಂದ ಅವನೇ ತಿಂದಿದಾನೆ."

ಮೂರು ವರ್ಷ ಚೆಂಡೊಂದನ್ನು ದೂರವಿಡು ಎಂದು ಬೇಡಿದ್ದೆ. ಪೆಟ್ಟಿನ ಮಾತನ್ನೇ ಎತ್ತಿರಲಿಲ್ಲ.

"ಭಾನುವಾರ ಚರ್ಚಿನಲ್ಲಿ ಮೊದಲು ಅವನಿಗಾಗಿ ಕೇಳ್ತೀನಿ, ಆಮೇಲೆ ನನ್ನವನಿಗೆ," ಎಂದರು ಆಕೆ. "ಧಾರಾಳ ಅಂದ್ಕೋಬೇಡಿ, ಸ್ವಾರ್ಥ. ಮುಂದಿನವನು ಏಳದಿದ್ರೆ ಹಿಂದಿನವನು ಹೋದ ಹಾಗೆ."

"ಏನಂತ ಕೇಳ್ತೀರಿ?"

"ಏಳಲಿ ಅಂತ. ಇನ್ನೇನು? ಬೀಳದಿರಲಿ ಅಂದ್ರೆ ದೇವರು ನಗ್ತಾನೆ."

ನಾನು ಕಣ್ಣೊರೆಸಿಕೊಂಡು ಅವರು ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟ ಚಹಾವನ್ನು, ಉಪವಾಸವಾದ್ದರಿಂದ, ಬೇಡವೆಂದೆ. ಅವರ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. ಅಲ್ಲಿಂದ ಮುಂದೆ ಅವನು ಬಿದ್ದಾಗಲೆಲ್ಲ ಇಬ್ಬರೂ ತಂತಮ್ಮ ದೇವರನ್ನು ನೆನೆದೆವು, ಎದ್ದಾಗಲೆಲ್ಲ ಉಸಿರು ಬಿಟ್ಟೆವು. ಮೊದಲು ನನಗೆ ವಾರಕ್ಕೊಂದು ಕೃಪೆ ಸಾಕಾಗಿತ್ತು. ಆ ಮಧ್ಯಾಹ್ನ ಗಳಿಗೆಗೊಂದು ಸಿಕ್ಕಿತು.

ನಮ್ಮವರು ಸೋಲುತ್ತಿದ್ದರು. ಕೊನೆಯ ಭಾಗದಲ್ಲಿ ಹೇಗೋ ಗೆರೆಯ ಹತ್ತಿರ ಬಂದರು. ಯಜಮಾನರು ಆ ಕಡೆಯಿಂದ "ಈಗ, ಈಗ!" ಎಂದು ಕೂಗಿದರು. ಚೆಂಡು ಮಗನ ಹೊಟ್ಟೆಗೆ ಬಂತು. ಎರಡೂ ಕೈಯಲ್ಲಿ ಅದನ್ನು ಅವಚಿ ತಲೆ ತಗ್ಗಿಸಿ ನುಗ್ಗಿದ. ಎಲ್ಲರೂ ಅವನ ಮೇಲೆ ರಾಶಿ ಬಿದ್ದರು. ರಾಯರೇ, ಏಳಲಿ. ಒಬ್ಬೊಬ್ಬರಾಗಿ ಎದ್ದರು. ಕಟ್ಟಕಡೆಗೆ ಅವನು ಎದ್ದ, ಚೆಂಡು ಕೈಯಲ್ಲೇ ಇತ್ತು. ಗೆರೆಗೆ ಮಾತ್ರ ಒಂದು ಮೊಳ ಉಳಿದಿತ್ತು.

ಮತ್ತೊಮ್ಮೆ ಅವನಿಗೇ ಕೊಟ್ಟಾರು ಎಂದುಕೊಂಡೆ. ಕೊಡಲಿಲ್ಲ. ಅವನು ಎಂದಿನಂತೆ ಮುಂದೆ ನುಗ್ಗಿ ಇಬ್ಬರನ್ನು ಕೆಡವಿದ. ಅವನ ಬೆನ್ನ ಮೇಲಿಂದಲೇ ಎಂಬಂತೆ ಆ ಸಣ್ಣ ಹುಡುಗ ಗೆರೆ ದಾಟಿದ. ಪಕ್ಕದಾಕೆ ನನ್ನನ್ನು ತಬ್ಬಿದ ರಭಸಕ್ಕೆ ಅವರ ಟೋಪಿ ಕೆಸರಿಗೆ ಬಿತ್ತು. ಆದರೂ ಮ್ಯಾಚ್ ಸೋತರು.

ಕಾರಿನಲ್ಲಿ ಅವನು ಹಿಂದಿನ ಸೀಟಿನ ತುಂಬ ಹರಡಿಕೊಂಡಿದ್ದ. ಅಪ್ಪ ಭುಜ, ಮಣಿಕಟ್ಟು, ಬೆರಳು ಎಲ್ಲವನ್ನೂ ಒತ್ತಿ ನೋಡಿಯೇ ಗಾಡಿ ಬಿಟ್ಟಿದ್ದರು.

"ಒಂದು ಮೊಳ ಉಳೀತಲ್ಲೋ," ಎಂದೆ. "ಬ್ಯಾಸರ ಆತೇನು?"

"ಸ್ವಲ್ಪ." ಕಿಟಕಿಯತ್ತ ನೋಡಿದ. "ಬಟ್ ಅಮ್ಮಾ, ಚೆಂಡು ಹಿಡಕೊಂಡಾಗ ಏನೂ ಕಾಣ್ಲೇ ಇಲ್ಲ. ಮುಂದ ಯಾರೂ ಇರ್ಲಿಲ್ಲ ನೋಡು, ನನಗ ದಾರಿ ಮಾಡ್ಲಿಕ್ಕೆ." ಆಮೇಲೆ ನಕ್ಕ. "ನೀ ಏನ್ ಕೇಳ್ದಿ ಇವತ್ತು?"

"ಏಳಲಿ ಅಂತ ಕೇಳಿದೆ."

"ದಟ್ಸ್ ಆಲ್?"

"ಸಾಕಲ್ಲೋ. ದೇವರು ಎಷ್ಟು ಸಲ ಕೊಟ್ಟ ನೋಡು."

ಮನೆಗೆ ಬಂದು ಅವನು ಸ್ನಾನಕ್ಕೆ ಹೋದ. ಬಚ್ಚಲಿನಿಂದಲೇ ಕೂಗಿದ, ಹಸಿವು, ಎಷ್ಟು ರೊಟ್ಟಿ ಅದಾವ? ಒಂದೂ ಇರಲಿಲ್ಲ. ಜೋಳದ ಹಿಟ್ಟಿನ ಡಬ್ಬಿ ಇಳಿಸಿ, ನೀರು ಕುದಿಯಲಿಟ್ಟು, ಹಂಚು ಒರೆಸಿದೆ.