ಬೀಗಿತ್ತಿಯ ಜೊತೆ ಶುಂಠಿ ಬಿಸ್ಕತ್ತಿನ ಮನೆಗೆ

ಬೀಗಿತ್ತಿಯರಿಬ್ಬರು ಒಂದೇ ರಿಕ್ಷಾದಲ್ಲಿ ಕೂರುವುದಾದರೆ ನಡುವೆ ಮೊಮ್ಮಕ್ಕಳು ಇರಲೇಬೇಕು. ಇಲ್ಲದಿದ್ದರೆ ಇಬ್ಬರೂ ಎರಡು ಬದಿಯ ಕಂಬಿಗೆ ಆತುಕೊಂಡು, ‘ನಿಮಗೆ ಜಾಗ ಆಯ್ತಾ?’ ‘ನಿಮಗಾಯ್ತಾ?’ ಎಂದು ವಿಚಾರಿಸಿಕೊಳ್ಳುತ್ತ, ಮಧ್ಯದ ಖಾಲಿ ಜಾಗಕ್ಕೂ ಬಾಡಿಗೆ ಕೊಟ್ಟು ಇಳಿಯುತ್ತಾರೆ.

ನನ್ನ ಮತ್ತು ಸುಮನ್ ತಾಯಿಯವರ ಸಂಬಂಧ ಬಹಳ ವರ್ಷ ಹಾಗೆಯೇ ಇತ್ತು. ಸುಮನ್ ಎಂಬುದು ಅವರದೇ ಹೆಸರು; ನನ್ನ ಸೊಸೆಯ ಅಮ್ಮ, ಮುಂಬಯಿ ಹತ್ತಿರದ ಕಲ್ಯಾಣದ ಮರಾಠಿಯವರು, ನಿವೃತ್ತ ಟೀಚರು. ಮರಾಠಿಯಲ್ಲಿ ‘ತಾಈ’ ಎಂದರೆ ಅಕ್ಕ. ಉಡುಪಿ ಕಡೆಯ ನನ್ನ ಬಾಯಲ್ಲಿ ಅದು ತಾಯಿಯೇ ಆಗಿಬಿಡುತ್ತದೆ. ನನಗಿಂತ ಚಿಕ್ಕವರನ್ನು ತಾಯಿ ಮಾಡಿಕೊಂಡ ಹೆಂಗಸು ನಾನು. ಮೊಮ್ಮಕ್ಕಳಿಗೆ ನಾನು ಅಜ್ಜಿ, ಅವರು ಆಜಿ. ವ್ಯತ್ಯಾಸ ಒಂದು ಒತ್ತು, ಒಂದು ದೀರ್ಘ, ಅಷ್ಟೇ. ಆದರೆ ಒಬ್ಬರನ್ನು ಕೂಗಿದರೆ ಇಬ್ಬರೂ ಏಳುತ್ತೇವೆ. ಎದ್ದ ಮೇಲೆ ಯಾರು ವಾಪಸು ಕೂರಬೇಕೆಂಬುದೇ ತಕರಾರು.

ಕಳೆದ ಡಿಸೆಂಬರಿನ ಒಂದು ಭಾನುವಾರ ಮಗನಿಗೂ ಸೊಸೆಗೂ ಆಫೀಸಿನ ಕೆಲಸ ಬಂತು. ಎಂಟು ವರ್ಷದ ಇರಾಳನ್ನೂ ನಾಲ್ಕು ವರ್ಷದ ನೀಲನನ್ನೂ ಮಾಲಿಗೆ ಕರೆದೊಯ್ಯುವ ಭಾರ ನಮ್ಮಿಬ್ಬರ ಮೇಲೆ ಬಿತ್ತು. ಅಲ್ಲಿ ಕ್ರಿಸ್‌ಮಸ್ಸಿಗೆಂದು ಶುಂಠಿ ಬಿಸ್ಕತ್ತಿನ ಮನೆ ಕಟ್ಟಿದ್ದಾರಂತೆ. ನಾನು ಠಾಕುರ್ಲಿಯಿಂದ, ಅವರು ಅದರ ಮುಂದಿನ ಸ್ಟೇಷನ್ನೇ ಆದ ಕಲ್ಯಾಣದಿಂದ, ಬೇರೆ ಬೇರೆ ಲೋಕಲ್ ರೈಲು ಹಿಡಿದು ಮಗನ ಮನೆಯಿರುವ ಕಾಮೋಠೆಗೆ ಬಂದು ಸೇರಿದೆವು.

ಆ ದಿನ ಇಬ್ಬರ ತಲೆಯಲ್ಲೂ ಇನ್ನೊಂದು ಹುಳ ಇತ್ತು. ಹೊಸ ವರ್ಷದಿಂದ ದಿನಾ ಬರಬೇಕೆಂದು ಸೊಸೆಯ ಆಫೀಸಿನವರು ಹೇಳಿದ್ದರು. ‘ಇಬ್ಬರಲ್ಲಿ ಒಬ್ಬರು ಬಂದು ನಮ್ಮಲ್ಲಿರಿ. ಯಾರು ಅಂತ ನೀವೇ ಮಾತಾಡಿಕೊಳ್ಳಿ’ ಎಂದು ಮಗ ನುಣುಚಿಕೊಂಡಿದ್ದ. ನಾವು ಮಾತಾಡಿರಲಿಲ್ಲ. ನಾನಂತೂ ಯಾರಿಗೂ ಹೇಳದೆ ಕೊಂಡೊಯ್ಯಬೇಕಾದ ಉಪ್ಪಿನಕಾಯಿ ಭರಣಿಯನ್ನೂ ಆರಿಸಿಟ್ಟಿದ್ದೆ.

ಮಾಲಿನ ಬಿಸ್ಕತ್ತಿನ ಮನೆ ನಮ್ಮ ಠಾಕುರ್ಲಿಯ ಮನೆಯ ಹಾಲಿನಷ್ಟೇ ದೊಡ್ಡದಿತ್ತು. ಗೋಡೆಗೆ ಬಿಸ್ಕತ್ತು, ಅಂಚಿಗೆ ಸಕ್ಕರೆಯ ಬಿಳಿ ಗಾರೆ, ಮಾಡಿಗೆ ಚಾಕಲೇಟಿನ ಹಂಚು. ಹತ್ತಿರ ಹೋದರೆ ಘಮ್ಮೆಂದು ಶುಂಠಿ. ನೋಡಿ, ನಮ್ಮ ಕರಾವಳಿಯಿಂದ ಹಡಗು ಹತ್ತಿ ಹೋದ ಶುಂಠಿಗೆ ಚಳಿದೇಶದವರು ಸಿಹಿ ಬೆರೆಸಿ ಮನೆ ಕಟ್ಟಿದರು. ನಾವು ಅದನ್ನೇ ಕಷಾಯ ಮಾಡಿ ಮಕ್ಕಳ ಮೂಗು ಹಿಡಿದು ಕುಡಿಸಿದೆವು. ಮಕ್ಕಳು ಯಾರ ಪಕ್ಷ ವಹಿಸುತ್ತಾರೆಂದು ಕೇಳುವುದೇ ಬೇಡ.

ನಾನು ಹೀಗೆ ಶುಂಠಿಯ ಚರಿತ್ರೆಯಲ್ಲಿ ಮುಳುಗಿದ್ದಾಗ ಟಪ್ಪೆಂದು ಸದ್ದಾಯಿತು. ಬೇಲಿಯ ಒಂದು ಬಿಸ್ಕತ್ತು ಮಾಯ. ನೀಲನ ಒಂದು ಕೆನ್ನೆ ಉಬ್ಬಿದೆ. ಕಾವಲಿನವನು ಓಡಿ ಬಂದ.

‘ಮೇರಾ ಹಾಥ್ ಲಗ್ ಗಯಾ’ ಎಂದೆ ನಾನು.

‘ಮಾಝೀ ಪರ್ಸ್ ಲಾಗಲೀ’ ಎಂದರು ಸುಮನ್ ತಾಯಿ, ಅದೇ ಕ್ಷಣದಲ್ಲಿ.

ಒಂದೇ ಬಿಸ್ಕತ್ತು ಮುರಿದದ್ದಕ್ಕೆ ಒಬ್ಬರ ಕೈ, ಒಬ್ಬರ ಪರ್ಸು! ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಕಲಿಸಿದ ಟೀಚರು ಕಣ್ಣು ಮಿಟುಕಿಸದೆ ನಿಂತಿದ್ದರು. ಕಾವಲಿನವನು ನಮ್ಮಿಬ್ಬರನ್ನೂ ನೋಡಿದ, ನೀಲನ ಕೆನ್ನೆಯನ್ನೂ ನೋಡಿದ, ನಕ್ಕುಬಿಟ್ಟ. ‘ಅದು ದೀಪಾವಳಿ ಮುಗಿದಾಗ ಬೇಯಿಸಿಟ್ಟ ಬಿಸ್ಕತ್ತು ಆಜಿ, ಅಂಟು ಬೇರೆ ಹಚ್ಚಿದ್ದಾರೆ. ಮೊದಲು ಉಗುಳಿಸಿ’ ಎಂದ ಹಿಂದಿಯಲ್ಲಿ. ಎರಡು ಅಂಗೈಗಳು ಒಟ್ಟಿಗೆ ಮುಂದೆ ಬಂದವು. ನೀಲ ಪಕ್ಷಪಾತ ಮಾಡದೆ ಎರಡರಲ್ಲೂ ಉಗುಳಿದ.

ಕೈ ತೊಳೆದು ಬಂದು ಬೆಂಚಿನಲ್ಲಿ ಕೂತೆವು. ನೀಲ ಅವರ ತೊಡೆಯ ಮೇಲೆ ನಿದ್ದೆ ಹೋದ. ಇರಾ ಐಸ್‌ಕ್ರೀಮಿನಲ್ಲಿದ್ದಳು. ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆಗ ಸುಮನ್ ತಾಯಿ, ಬೀಗಿತ್ತಿಯನ್ನು ಮರಾಠಿಯಲ್ಲಿ ಕರೆಯುವಂತೆ, ‘ವಿಹಿಣಬಾಯಿ, ಮಕ್ಕಳ ಮನೆಗೆ ನೀವೇ ಬಂದು ಇರಿ. ನಿಮ್ಮ ಕೈಯಿಂದಾದರೆ ಇವನು ಊಟ ಮಾಡ್ತಾನೆ. ನನಗೆ ಬರೋದು ಪಾಠ ಹೇಳೋದು ಮಾತ್ರ’ ಎಂದರು.

ಕತ್ತಿ ಮಸೆದುಕೊಂಡು ಹೋದವನಿಗೆ ಎದುರಾಳಿ ಪಾನಕ ಕೊಟ್ಟ ಹಾಗಾಯಿತು. ಗೆದ್ದೆನಲ್ಲ ಎಂದು ಒಳಗೊಳಗೇ ಉಬ್ಬುವಷ್ಟರಲ್ಲಿ ಅವರು ಮಗುವಿನ ತಲೆ ಸವರುತ್ತ, ‘ನಮ್ಮ ಯಜಮಾನರು ಹೋದ ಮೇಲೆ ಮನೇಲಿ ಸದ್ದೇ ಇಲ್ಲ. ಟಿವಿಯಲ್ಲಿ ವಾರ್ತೆ ಓದುವವಳು ನಮಸ್ಕಾರ ಅಂದರೆ ನಾನೂ ನಮಸ್ಕಾರ ಅಂತೀನಿ. ಹುಚ್ಚು, ಅಲ್ಲವಾ?’ ಎಂದು ನಕ್ಕರು.

ನನಗೆ ನಗು ಬರಲಿಲ್ಲ. ನನ್ನ ಮನೆಯಲ್ಲಿ ಗೊಣಗುವುದಕ್ಕಾದರೂ ಗಂಡ ಇದ್ದಾರೆ.

‘ಇಲ್ಲ ತಾಯಿ, ನೀವೇ ಬನ್ನಿ’ ಎಂದೆ.

‘ಛೇ, ನೀವು.’

‘ನನಗೆ ಮಂಡಿ ನೋವು, ನನ್ನಿಂದಾಗದು.’

‘ನನಗೂ ಬಿ.ಪಿ. ಇದೆ, ನನ್ನಿಂದಲೂ ಆಗದು.’

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಬಿಲ್ಲಿಗಾಗಿ ಕಾದಾಡುವ ನೆಂಟರ ಹಾಗೆ ನಮ್ಮ ಸೌಜನ್ಯ ಏರುತ್ತಲೇ ಹೋಯಿತು. ಇರಾ ಐಸ್‌ಕ್ರೀಮು ಬಿಟ್ಟು ನಮ್ಮನ್ನೇ ನೋಡುತ್ತಿದ್ದಳು.

‘ಮ್ಹಣಜೆ ಕೋಣಾಲಾಚ್ ಯಾಯ್ಚ ನಾಹೀ?’ ಎಂದಳು ಸಣ್ಣ ದನಿಯಲ್ಲಿ. ಅಂದರೆ, ನಮ್ಮಲ್ಲಿಗೆ ಬರಲು ಇಬ್ಬರಿಗೂ ಇಷ್ಟವಿಲ್ಲವಾ?

ದೊಡ್ಡವರ ಮರ್ಯಾದೆ ಮಕ್ಕಳ ಕಿವಿಗೆ ಹೇಗೆ ಕೇಳುತ್ತದೆಂದು ನನಗೆ ಆವತ್ತು ಗೊತ್ತಾಯಿತು. ಇಬ್ಬರೂ ಒಟ್ಟಿಗೆ ಅವಳನ್ನು ತಬ್ಬಿಕೊಂಡೆವು. ಕರಗಿದ ಐಸ್‌ಕ್ರೀಮು ಇಬ್ಬರ ಸೀರೆಗೂ ಆಯಿತು. ಅಲ್ಲೇ ತೀರ್ಮಾನವೂ ಆಯಿತು: ಸೋಮವಾರದಿಂದ ಗುರುವಾರ ಆಜಿ, ಶುಕ್ರವಾರದಿಂದ ಭಾನುವಾರ ಅಜ್ಜಿ. ಒಂದು ದಿನ ಹೆಚ್ಚು ಅವರಿಗೆ ಕೊಟ್ಟೆ. ಕೊಡುವಾಗ ಸ್ವಲ್ಪ ಚುರುಕ್ಕೆಂದಿತು, ಸುಳ್ಳು ಯಾಕೆ ಹೇಳಲಿ.

ಮಕ್ಕಳನ್ನು ಕಾಮೋಠೆಯಲ್ಲಿ ಬಿಟ್ಟು, ಠಾಣೆಯಲ್ಲಿ ಗಾಡಿ ಬದಲಿಸಿ, ಕಲ್ಯಾಣದ ಸ್ಲೋ ಲೋಕಲ್ ಹತ್ತಿದೆವು. ಇಷ್ಟು ವರ್ಷಗಳಲ್ಲಿ ಇಬ್ಬರೂ ಒಟ್ಟಿಗೆ ರೈಲಿನಲ್ಲಿ ಕೂತದ್ದು ಅದೇ ಮೊದಲು. ನೀಲ ಯಾವ ತಿಂಡಿಗೆ ಹಟ ಮಾಡುತ್ತಾನೆ, ಇರಾಳ ಜಡೆಗೆ ಯಾವ ಎಣ್ಣೆ, ನನ್ನ ಮಗ ಎಷ್ಟು ಸೋಮಾರಿ, ಅವರ ಮಗಳಿಗೆ ಎಷ್ಟು ಮೂಗಿನ ತುದಿಯ ಸಿಟ್ಟು... ಅವರ ಮರಾಠಿಗೆ ನನ್ನ ಮುಂಬಯಿ ಹಿಂದಿ ಸೇರಿ ಮಾತು ಸಾಗಿತು. ತಲೆಯೆತ್ತಿ ನೋಡಿದರೆ ಠಾಕುರ್ಲಿ ಹಿಂದೆ ಹೋಗಿಬಿಟ್ಟಿತ್ತು.

ಕಲ್ಯಾಣದಲ್ಲಿ ಇಳಿಯುತ್ತಿದ್ದಂತೆ ‘ಎಲ್ಲಿದ್ದಿ?’ ಎಂದು ನಮ್ಮವರ ಫೋನು ಬಂತು.

‘ಕಲ್ಯಾಣದಲ್ಲಿ. ಬೀಗಿತ್ತಿಯ ಮನೆಗೆ ಊಟಕ್ಕೆ ಹೋಗ್ತಾ ಇದ್ದೇನೆ.’

‘ಅವರು ಯಾವಾಗ ಕರೆದರು?’

ಪಕ್ಕದಲ್ಲಿದ್ದ ಸುಮನ್ ತಾಯಿ ಆಗಲೇ ನನ್ನ ಚೀಲ ಎತ್ತಿಕೊಂಡು ಮೆಟ್ಟಿಲಿನ ಕಡೆ ನಡೆದಿದ್ದರು. ಇಳಿಯುವ ಸ್ಟೇಷನ್ ತಪ್ಪಿದ ಮೇಲೆಯೇ ಗೊತ್ತಾಗುವುದು, ಮುಂದಿನದು ಎಷ್ಟು ಹತ್ತಿರ ಇತ್ತೆಂದು.