ಖಾಲಾ ಕೈ ಹಚ್ಚದ ಬೆನ್ನು

ಹೋದ ವಾರ ಪಕ್ಕದ ಮನೆಯ ಕಿಟಕಿಯಿಂದ ಕುಸುಬಿ ಎಣ್ಣೆಯಲ್ಲಿ ಓಮ, ಬೆಳ್ಳುಳ್ಳಿ ಹಾಕಿ ಕಾಯಿಸಿದ ವಾಸನೆ ಬಂತು. ಬಾಣಂತಿಯರ ಮೈಗೆ ಹಚ್ಚುವ ಎಣ್ಣೆ ಅದು. ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟೆ. ಐವತ್ತು ವರ್ಷಗಳ ಹಿಂದೆ ಹುಬ್ಬಳ್ಳಿಯ ನಮ್ಮ ಹಳೆಯ ಮನೆಯ ಹಿಂದಿನ ಕೋಣೆಯಿಂದ ಇದೇ ವಾಸನೆ ಬರುತ್ತಿತ್ತು. ಜೊತೆಗೆ ಖಾಲಾಳ ಸಣ್ಣ ಕೆಮ್ಮು, ಬಳೆಗಳ ಸದ್ದು...

ಖಾಲಾ ಎಂದರೆ ಮುಸಲ್ಮಾನರ ಮನೆಗಳಲ್ಲಿ ತಾಯಿಯ ಅಕ್ಕ ಅಥವಾ ತಂಗಿ. ನಮಗೆ ಆಕೆ ರಕ್ತಸಂಬಂಧಿಯೇನೂ ಅಲ್ಲ. ಆದರೆ ನಮ್ಮ ಓಣಿಯ ಲಿಂಗವಂತರ ಮನೆಗಳೂ ಸೇರಿ ಎಲ್ಲರೂ ಆಕೆಯನ್ನು ಹಾಗೆಯೇ ಕರೆಯುತ್ತಿದ್ದರು. ಬೆಂಗೇರಿ ಆಗ ಊರಿನಿಂದ ಹೊರಗಿದ್ದ ಹಳ್ಳಿ. ಅಲ್ಲಿಂದ ನಡೆದುಕೊಂಡು ಬರುತ್ತಿದ್ದಳು. ಗಂಡ ಚಕ್ಕಡಿಯ ಗಾಲಿ ರಿಪೇರಿ ಮಾಡುತ್ತಿದ್ದ. ಆಕೆ ಹೆಂಗಸರ ಉಳುಕು ತೆಗೆಯುತ್ತಿದ್ದಳು, ಬಾಣಂತಿಯರ ಬೆನ್ನು ತಿಕ್ಕುತ್ತಿದ್ದಳು. ಓಣಿಯ ಯಾವ ಸೊಸೆಯ ಬೆನ್ನು ಎಲ್ಲಿ ನೋಯುತ್ತದೆಂಬುದು ಆಯಾ ಅತ್ತೆಗಿಂತ ಆಕೆಗೇ ಚೆನ್ನಾಗಿ ಗೊತ್ತಿತ್ತು.

ನಾನು ಮುಂಬಯಿಯಲ್ಲಿ ಡಾಕ್ಟರಿಕೆ ಓದುತ್ತಿದ್ದ ಕಾಲದಲ್ಲಿ ಒಂದು ಸಲ ರಜೆಗೆ ಬರುವಾಗ ಮೂಳೆಗಳ ಪೆಟ್ಟಿಗೆ ತಂದಿದ್ದೆ. ಅವ್ವ ಅದನ್ನು ಮನೆಯೊಳಗೆ ತರಗೊಡಲಿಲ್ಲ. ದನದ ಕೊಟ್ಟಿಗೆಯ ಮೂಲೆಯಲ್ಲಿಟ್ಟುಕೊಂಡು ಓದುತ್ತಿದ್ದೆ. ಒಂದು ಮಧ್ಯಾಹ್ನ ಖಾಲಾ ಒಳಗೆ ಇಣುಕಿದಳು. ನನ್ನ ಕೈಯಲ್ಲಿ ಹುರಿಗೆ ಪೋಣಿಸಿದ ಬೆನ್ನುಮೂಳೆಯಿತ್ತು. ಹೆದರುತ್ತಾಳೆಂದುಕೊಂಡೆ. ಆಕೆ ಕೈಚಾಚಿ ಅದನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಕಣ್ಣುಮುಚ್ಚಿ ಹಿಂಬದಿಯ ಮೊನೆಗಳ ಮೇಲೆ ಬೆರಳಾಡಿಸುತ್ತ ಕತ್ತಿನಿಂದ ಟೊಂಕದವರೆಗೆ ಒಂದೊಂದು ಮಣಿಯನ್ನೂ ಗುರುತಿಸಿದಳು. ಆಮೇಲೆ ಕಣ್ಣುತೆರೆದು ಅದನ್ನು ತಿರುಗಿಸಿ ನೋಡಿದಳು.

“ಮುಂದ ಇಷ್ಟು ದಪ್ಪ ಇರತಾವೇನು ತಮ್ಮಾ? ಇಷ್ಟು ವರ್ಷ ನಾ ಬರೇ ತುದಿ ಮುಟ್ಟಿಕೋತ ಬಂದೀನಿ.”

ಒಂದರ ಮೇಲೊಂದು ಕೂತ ಆ ದಪ್ಪ ಮೂಳೆಗಳೇ ಮೈಯ ಭಾರ ಹೊರುತ್ತವೆ, ಅವುಗಳ ಹಿಂದಿನ ಕೊಳವೆಯೊಳಗೆ ಬೆನ್ನುಹುರಿ ಇಳಿಯುತ್ತದೆ, ಅದು ಒತ್ತಿಹೋದರೆ ಕಾಲು ಸತ್ತುಹೋಗುತ್ತವೆ ಎಂದು ಹೇಳಿಕೊಟ್ಟೆ. ಆಕೆ ಆ ಕೊಳವೆಯೊಳಗೆ ಕಿರುಬೆರಳು ತೂರಿಸಿ ಅದರ ಅಗಲ ನೋಡಿದಳು. ಸ್ನಾಯುಗಳ ಪಾಠವನ್ನು ಮಾತ್ರ ಆಕೆಯೇ ನನಗೆ ಮಾಡಿದಳು. ಅಂಗಿ ಬಿಚ್ಚಿಸಿ, ಬೆನ್ನುಮೂಳೆಯ ಎರಡೂ ಬದಿ ಉದ್ದಕ್ಕೆ ಇಳಿಯುವ ಸ್ನಾಯುಗಳನ್ನು ಹೆಬ್ಬೆರಳಿನಿಂದ ಹಿಡಿದು ತೋರಿಸಿದಳು. ನೊಗಕ್ಕೆ ಕಟ್ಟುವ ತೊಗಲಿನ ಮಿಣಿಯ ಹಾಗೆ ಇವು, ದುಡಿಯುವಾಗ ಬಿಗಿಯಬೇಕು, ಮಲಗಿದಾಗ ಸಡಿಲಬೇಕು ಎಂದಳು. ಪುಸ್ತಕದಲ್ಲಿ ಆ ಸ್ನಾಯುವಿನ ಲ್ಯಾಟಿನ್ ಹೆಸರನ್ನು ವಾರವಿಡೀ ಬಾಯಿಪಾಠ ಮಾಡಿದ್ದೆ. ಅದು ಎಲ್ಲಿದೆಯೆಂದು ತಿಳಿದದ್ದು ಆ ದಿನ.

ಎರಡನೆಯ ಮಹಾಯುದ್ಧ ಶುರುವಾಗುವ ಎರಡು ವರ್ಷ ಮೊದಲು ಊರಿಗೆ ಮರಳಿ ದವಾಖಾನೆ ತೆರೆದೆ. ಬೋರ್ಡಿನ ಬಣ್ಣ ಇನ್ನೂ ಹೊಸದಾಗಿತ್ತು. ಅದೇ ವರ್ಷ ನಮ್ಮ ವೈನಿಗೆ, ಎಂದರೆ ಅಣ್ಣನ ಹೆಂಡತಿಗೆ, ಎರಡನೆಯ ಹೆರಿಗೆಯಾಯಿತು. ಕೂಸು ಆರು ತಿಂಗಳದ್ದಾದರೂ ಆಕೆಯ ಬೆನ್ನುನೋವು ಹೋಗಲಿಲ್ಲ. ಖಾಲಾ ದಿನಬಿಟ್ಟು ದಿನ ಬಂದು ಎಣ್ಣೆ ಹಚ್ಚುತ್ತಿದ್ದಳು. ಒಂದು ದಿನ ಎಣ್ಣೆಯ ಬಟ್ಟಲನ್ನು ಹಾಗೆಯೇ ಬಿಟ್ಟು ಸೀದಾ ನನ್ನ ದವಾಖಾನೆಗೆ ಬಂದಳು.

“ಡಾಕ್ಟರ್ ಸಾಹೇಬ್ರ, ವೈನಿ ಬೆನ್ನಿಗೆ ನಾ ಇನ್ನ ಕೈ ಹಚ್ಚಂಗಿಲ್ರಿ,” ಎಂದಳು. “ನೋವಿನ ಬೆನ್ನು ಮಲಗಿದ್ರ ಸಡಿಲಾಗತೈತಿ. ಇದು ಮಲಗಿದ್ರೂ ಹಲಗಿ ಆಗೇ ಇರತೈತಿ. ಒಳಗ ಏನನ್ನೋ ಕಾಯಾಕತ್ತೈತಿ. ನಟ್ಟನಡುವ ಒಂದು ಮಣಿ ಎದ್ದು ನಿಂತೈತ್ರಿ. ಆಕಿನ್ನ ಏಳಗೊಡಬ್ಯಾಡ್ರಿ.”

ಅಲ್ಲಿಯವರೆಗೆ ನಾನು ಆಕೆಗೆ ತಮ್ಮನಾಗಿದ್ದೆ. ಅಂದು ಮೊದಲ ಸಲ ಡಾಕ್ಟರ್ ಸಾಹೇಬನಾಗಿದ್ದೆ. ಅದು ನನಗೆ ಹಿತವಾಯಿತು ಎಂದು ಈಗ ಒಪ್ಪಿಕೊಳ್ಳಬೇಕು. ವೈನಿ ನೆಲದ ಮೇಲಿನದನ್ನು ಎತ್ತುವಾಗ ಬಗ್ಗುವುದಿಲ್ಲ, ಬೆನ್ನು ನೆಟ್ಟಗಿಟ್ಟು ಕುಕ್ಕರಿಸುತ್ತಾಳೆ ಎಂದೂ ಖಾಲಾ ಹೇಳಿದಳು. ಸಂಜೆಗೆ ಮೈ ಬಿಸಿಯಾಗುತ್ತದೆ ಎಂದಳು. ಇವೆಲ್ಲ ಯಾವ ರೋಗದ ಲಕ್ಷಣಗಳೆಂದು ನನ್ನ ಪುಸ್ತಕದಲ್ಲೇ ಬರೆದಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ತಡವರಿಸದೆ ಹೇಳುತ್ತಿದ್ದೆ...

ಮನೆಗೆ ಹೋಗಿ ನೋಡಿದೆ. ಮೈದುನನೆದುರು ವೈನಿ ಬೆನ್ನು ತೋರಿಸುವಂತಿರಲಿಲ್ಲ, ಅವ್ವ ಪಕ್ಕದಲ್ಲೇ ನಿಂತಿದ್ದಳು. ಸೀರೆಯ ಮೇಲಿಂದಲೇ ಎರಡು ಕಡೆ ಒತ್ತಿ, ಇದು ಬಾಣಂತನದ ನಿಶ್ಶಕ್ತಿ, ಸ್ನಾಯುಗಳು ಸೋತಿವೆ ಎಂದೆ. ಮಲಗಿದರೆ ಇನ್ನೂ ಬಿಗಿಯುತ್ತದೆ, ಅಡ್ಡಾಡಲಿ, ಕೆಲಸ ಮಾಡಲಿ ಎಂದೆ. ಅವ್ವನಿಗೆ ಬೇಕಾದ ಮಾತೂ ಅದೇ ಆಗಿತ್ತು. ವೈನಿ ನನ್ನನ್ನು ಒಮ್ಮೆ ನೋಡಿ ಎದ್ದು ಬೀಸುವ ಕಲ್ಲಿನ ಕಡೆ ಹೋದಳು.

ಇಪ್ಪತ್ತು ದಿನಗಳ ನಂತರ ನೀರಿನ ಕೊಡ ಎತ್ತುವಾಗ ಕುಸಿದಳು. ಕಾಲುಗಳಲ್ಲಿ ಜೀವವಿರಲಿಲ್ಲ.

ದೂರದ ಊರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯ ಹಿರಿಯ ಡಾಕ್ಟರರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಕ್ಷಯ ಎರಡು ಮಣಿಗಳ ಮುಂಭಾಗವನ್ನು ತಿಂದುಹಾಕಿತ್ತು. ಟೊಳ್ಳಾದ ಮೂಳೆ ಭಾರ ತಾಳದೆ ಮುಂದಕ್ಕೆ ಕುಸಿದು ಹುರಿಯನ್ನು ಒತ್ತಿತ್ತು. ಸ್ನಾಯುಗಳು ಇಷ್ಟು ದಿನ ಬಿಗಿಹಿಡಿದು ಆ ಮೂಳೆಗಳನ್ನು ಕಾಯುತ್ತಿದ್ದವು. ಮೊದಲೇ ಮಲಗಿಸಿದ್ದರೆ ಎಂದು ಅವರು ಶುರುಮಾಡಿ, ನಾನೂ ಡಾಕ್ಟರನೆಂದು ನೆನಪಾಗಿ ನಿಲ್ಲಿಸಿದರು. ಆಗ ಆ ರೋಗಕ್ಕೆ ಔಷಧಿಯಿರಲಿಲ್ಲ. ಪ್ಲಾಸ್ಟರಿನ ಅಚ್ಚಿನಲ್ಲಿ ತಿಂಗಳುಗಟ್ಟಲೆ ಅಲುಗಾಡದೆ ಮಲಗಿಸುವುದೊಂದೇ ದಾರಿ.

ನಾನು ಊರಿಗೆ ಬರುವಷ್ಟರಲ್ಲಿ ಓಣಿಯಲ್ಲಿ ಮಾತು ಹಬ್ಬಿತ್ತು. ಖಾಲಾ ತಿಕ್ಕಿ ತಿಕ್ಕಿ ವೈನಿಯ ಬೆನ್ನು ಮುರಿದಳು ಎಂದು. ಶುರುಮಾಡಿದವಳು ಅವ್ವ. ಅವ್ವನಿಗೆ ನಿಜ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಆದರೆ ದವಾಖಾನೆಗೆ ಆಗಷ್ಟೇ ಜನ ಬರತೊಡಗಿದ್ದರು.

ಒಂದು ದಿನ ಖಾಲಾ ಬಂದು ರೋಗಿಗಳೆಲ್ಲ ಹೋಗುವ ತನಕ ಬಾಗಿಲ ಬಳಿ ನಿಂತಿದ್ದಳು. ತಾನು ಕೈ ಹಚ್ಚುವುದಿಲ್ಲ ಎಂದು ಹೇಳಿದ್ದು ನಿಜವೆಂದು ಓಣಿಯಲ್ಲಿ ಹೇಳಿದರೆ ಸಾಕು, ಬೇರೇನೂ ಬೇಡ ಎಂದಳು. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಆಮೇಲೆ ಆಕೆಯನ್ನು ಯಾರ ಮನೆಯವರೂ ಕರೆಯಲಿಲ್ಲ.

ವೈನಿ ಮನೆಗೆ ಬರಲು ಹದಿನಾಲ್ಕು ತಿಂಗಳಾದವು. ಬೆನ್ನಿನ ನಡುವೆ ಗೂನು ಉಳಿದಿತ್ತು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಳು, ಅಷ್ಟೇ. ಖಾಲಾ ಯಾಕೆ ಬರುತ್ತಿಲ್ಲವೆಂದು ಕೇಳಿದಾಗ ಅವ್ವ ತನಗೆ ಗೊತ್ತಿದ್ದ ಕತೆ ಹೇಳಿದಳು. ಅವ್ವ ಎದ್ದುಹೋದ ಮೇಲೆ ವೈನಿ ನನ್ನ ಕಡೆ ತಿರುಗಿದಳು.

“ಆಕಿ ಮಲಕೋ ಅಂದಿದ್ಲು. ನೀವು ಅಡ್ಡಾಡು ಅಂದ್ರಿ. ನಾ ನಿಮ್ಮ ಮಾತು ಕೇಳಿದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಮರುದಿನವೇ ಬೆಂಗೇರಿಗೆ ಹೋದೆ. ಖಾಲಾ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ತಪ್ಪು ನನ್ನದು ಎಂದೆ. ಆಕೆ, ವೈನಿಗೆ ಕೂಡಲು ಬರುತ್ತದೆಯೇ, ಪಾದ ಮುಟ್ಟಿದರೆ ತಿಳಿಯುತ್ತದೆಯೇ ಎಂದು ಒಂದೊಂದಾಗಿ ಕೇಳಿದಳು. ಪರೀಕ್ಷಕರ ಮುಂದೆ ನಿಂತವನಂತೆ ಉತ್ತರ ಕೊಟ್ಟೆ. ಕೊನೆಗೆ ಕೇಳಿದಳು:

“ಮನ್ಯಾಗ ಹೇಳೀರೇನ್ರಿ?”

ಇಲ್ಲ ಎಂದೆ.

“ಮತ್ತ ನನಗ್ಯಾಕ ಹೇಳಾಕ ಬಂದ್ರಿ? ನನಗ ಮೊದಲ ಗೊತ್ತೈತಲ್ರಿ.”

ಮತ್ತೆ ಮೊರದ ಕಡೆ ತಿರುಗಿದಳು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿಬಿಟ್ಟೆ. ಅಣ್ಣ ಅರ್ಧ ರೊಟ್ಟಿ ಬಿಟ್ಟು ಎದ್ದು ಕೈತೊಳೆದುಕೊಂಡ. ಮುಂದೆ ಎಷ್ಟೋ ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅವ್ವ, ಆದದ್ದು ಆಗಿಹೋಯಿತು, ಇದು ಹೊರಗೆ ಹೋದರೆ ನಿನ್ನ ಹತ್ತಿರ ಯಾರು ಬರುತ್ತಾರೆ ಎಂದಳು. ಅವ್ವನ ಮಾತು ಮೀರಬಾರದೆಂದು ಸುಮ್ಮನಾದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನನಗೂ ಅದೇ ಬೇಕಾಗಿತ್ತು.

ವೈನಿ ಖಾಲಾಳನ್ನು ನೋಡಬೇಕೆಂದು ಕೇಳುತ್ತಲೇ ಇದ್ದಳು. ಮುಂದಿನ ಸುಗ್ಗಿಯ ಹೊತ್ತಿಗೆ ಮತ್ತೆ ಬೆಂಗೇರಿಗೆ ಹೋದೆ. ಬಾಗಿಲಿಗೆ ಬೀಗವಿತ್ತು. ಗಂಡ ತೀರಿಕೊಂಡ ಮೇಲೆ ಗದಗಿನ ಕಡೆ ಮಗಳ ಮನೆಗೆ ಹೋದಳೆಂದು ಪಕ್ಕದವರು ಹೇಳಿದರು. ಯುದ್ಧ ಮುಗಿಯುವ ಮೊದಲೇ ಅಲ್ಲಿಯೇ ಸತ್ತಳೆಂದು ಕೇಳಿದೆ... ವೈನಿಯೂ ಬಹಳ ವರ್ಷ ಬಾಳಲಿಲ್ಲ.

ವೈನಿಯ ಮೊಮ್ಮಗ ಈಗ ದೇಶಪಾಂಡೆ ನಗರದಲ್ಲಿ ಎಲುಬಿನ ಡಾಕ್ಟರ್. ಕಳೆದ ರವಿವಾರ ನನ್ನ ಮಂಡಿ ನೋಡಲು ಬಂದಿದ್ದ. ಮಾತಿನ ನಡುವೆ, ಕಂಡಕಂಡವರಿಂದ ಬೆನ್ನು ತಿಕ್ಕಿಸಿಕೊಳ್ಳಬೇಡಿ ಎಂದು ತನ್ನ ರೋಗಿಗಳಿಗೆ ಹೇಳುವಾಗ ನಮ್ಮ ಅಜ್ಜಿಯ ಕತೆಯನ್ನೇ ಹೇಳುತ್ತೇನೆ ಎಂದ. ಒಬ್ಬ ಮಾಲೀಸಿನ ಹೆಂಗಸು ಆಕೆಯ ಬೆನ್ನು ಮುರಿದಳಂತಲ್ಲ ಎಂದ. ಅವನನ್ನು ಕೂರಿಸಿಕೊಂಡು, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಅವನು ನೆಲ ನೋಡುತ್ತ ಕೇಳಿಸಿಕೊಂಡ. ಇನ್ನು ಮುಂದೆ ಈ ಕತೆಯನ್ನು ಸರಿಯಾಗಿ ಹೇಳುತ್ತೇನೆ ಎಂದ. ಹೊರಡಲು ಎದ್ದವನು ನಿಂತು ಕೇಳಿದ:

“ಆಕಿ ಹೆಸರೇನ್ರಿ, ಅಜ್ಜಾರ?”

ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಅದನ್ನು ಕೇಳಿರಲಿಲ್ಲ.