ಅಪ್ಪ ಗುರುತಿಟ್ಟ ಜಾಗ

ಗೊರೂರು ಡ್ಯಾಮಿನ ಹಿನ್ನೀರಿನಲ್ಲಿ ನಮ್ಮ ಹಳೇ ಊರಿನದೆಂದು ಉಳಿದಿರುವುದು ಒಂದು ದಿಬ್ಬ. ಬೇಸಿಗೆಯಲ್ಲಿ ದನ ಹೊಡೆದುಕೊಂಡು ನಡೆದೇ ಹೋಗಬಹುದು. ಡ್ಯಾಮ್ ತುಂಬಿತೆಂದರೆ ಅದು ನಡುಗಡ್ಡೆ. ಅಜ್ಜಿಯನ್ನು ಮಣ್ಣು ಮಾಡಿದ್ದು ಅಲ್ಲೇ. ಪಿತೃಪಕ್ಷದ ಎಡೆಯನ್ನು ಅಲ್ಲಿಗೇ ಒಯ್ಯಬೇಕೆಂಬುದು ಅಪ್ಪನ ಹಟ, ತೆಪ್ಪಕ್ಕೆ ಹುಟ್ಟು ಹಾಕುವ ಕರ್ಮ ಮಗಳಾದ ನನ್ನದು. ಹೋದ ವರ್ಷ ಅಪ್ಪ ಅಜ್ಜಿಯ ಪಕ್ಕದಲ್ಲಿ ತನಗೂ ಜಾಗ ನೋಡಿಕೊಂಡು, ಗುರುತಿಗೆ ಒಂದು ಎಕ್ಕದ ಗಿಡ ನೆಟ್ಟಿದ್ದ.

ಈ ವರ್ಷ ಹೋಗಿ ನೋಡಿದರೆ ಅಲೆ ಬಡಿದು ದಡ ಕುಸಿದಿತ್ತು. ಅಜ್ಜಿಯ ಗುಡ್ಡೆಯೇ ಇರಲಿಲ್ಲ. ಎಕ್ಕದ ಗಿಡ ನೀರಿನ ಮೇಲೆ ಜೋತಾಡುತ್ತಿತ್ತು. ಅಪ್ಪ ಎಡೆಯನ್ನು ನನ್ನ ಕೈಗೆ ಕೊಟ್ಟು ಗಿಡ ಕಿತ್ತುಕೊಂಡ.

"ಇನ್ನೊಸಿ ಒಳಿಕ್ಕೆ ನೆಟ್ರಾಯ್ತು ಕಣವ್ವ."

"ನೀರು ಅಲ್ಲಿಗೂ ಬತ್ತದೆ, ಸುಮ್ಕೆ ಬಾರಪ್ಪ," ಎಂದು ರೇಗಿದೆ.

ಅಪ್ಪ ಕೇಳಲಿಲ್ಲ. ಒಳಗೆ, ಇನ್ನೂ ಒಳಗೆ ಎಂದು ಜಾಗ ನೋಡುತ್ತಾ ನಡೆದವನು ಗಕ್ಕನೆ ನಿಂತ. ಅವನ ಕಾಲ ಮುಂದೆ ಆಚೆ ಬದಿಯ ನೀರಿತ್ತು.

"ಇದುಕ್ಕೆ ಒಳಗು ಅನ್ನೋದೇ ಇಲ್ವಲ್ಲವ್ವ," ಎಂದ.